ದಮ್ಮು ಇರುವವರ ಕಾಲನ್ನೂ ನೋಡಿ

ಸಾಗರದಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಕೌಂಟರ್ ಮುಂದೆ ದಮ್ಮಿನವರೇ ಜಾಸ್ತಿ. ಕ್ಯಾಪ್ಸೂಲ್ ಹಾಕಿ ಎಳೆಯುವ ಮಷಿನ್ ಕೇಳುವವರು, ಪಂಪ್ ಖಾಲಿ ಆಯ್ತು ಅನ್ನುವವರು, ನೆಬ್ಯುಲೈಜರ್‌ಗೆ ಹಾಕುವ ಔಷಧಿಯನ್ನು ಪಟ್ಟಿಗಟ್ಟಲೆ ಒಯ್ಯುವವರು. ಅಪ್ಪನಿಗೆ ಹುಷಾರಿಲ್ಲದಿದ್ದರೆ ಮಗ ಬರುತ್ತಾನೆ, ಅತ್ತೆಗೆ ಹುಷಾರಿಲ್ಲದಿದ್ದರೆ ಸೊಸೆ ಬರುತ್ತಾಳೆ. ಬಂದವರ ಮಾತು ಮಾತ್ರ ಒಂದೇ: "ಮತ್ತೆ ದಮ್ಮು ಜೋರಾಗಿದೆ, ಹೋದ ಸಲ ಕೊಟ್ಟಿದ್ದನ್ನೇ ಕೊಡಿ."

ಔಷಧಿ ತೆಗೆಯುವ ಮೊದಲು ನಾನು ಎರಡು ವಿಷಯ ಕೇಳುತ್ತೇನೆ. ಕಫ ಜಾಸ್ತಿ ಆಗಿದೆಯಾ? ಕಾಲು ಊದಿದೆಯಾ, ಅದೂ ಒಂದೇ ಕಾಲು? ಎರಡನೇ ಪ್ರಶ್ನೆಗೆ ಸುಮಾರು ಜನ ನನ್ನ ಮುಖ ನೋಡುತ್ತಾರೆ. ಎದೆ ಕಾಯಿಲೆಗೂ ಕಾಲಿಗೂ ಎಂತ ಸಂಬಂಧ ಅಂತ. ಸಂಬಂಧ ಇದೆ. ಕಾಲಿನಲ್ಲಿ ಕಟ್ಟಿದ ರಕ್ತದ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡು ಉಸಿರು ಕಟ್ಟಿಸಬಹುದು. ನಮ್ಮ ಮನೆಯಲ್ಲೇ ಅದನ್ನು ನೋಡಿದ್ದೇನೆ. ಕೌಂಟರ್‌ನಲ್ಲಿ ನಿಂತು ಅಷ್ಟೆಲ್ಲ ಹೇಳಲು ಆಗುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಅಮ್ಮ ಬೀಡಿ, ಸಿಗರೇಟು ಮುಟ್ಟಿದವಳಲ್ಲ. ಆದರೂ ಅವಳಿಗೆ ಸಿಒಪಿಡಿ. ದಮ್ಮು ಅಂತ ನಾವು ಒಟ್ಟಾಗಿ ಕರೆಯುವುದರಲ್ಲಿ ಅಸ್ತಮಾನೂ ಇದೆ, ಇದೂ ಇದೆ. ಅಸ್ತಮಾದಲ್ಲಿ ಉಸಿರಿನ ಕೊಳವೆ ಬಿಗಿಯುತ್ತದೆ, ಔಷಧಿಗೆ ಸಾಮಾನ್ಯವಾಗಿ ಸಡಿಲವೂ ಆಗುತ್ತದೆ. ಸಿಒಪಿಡಿಯಲ್ಲಿ ಶ್ವಾಸಕೋಶಕ್ಕೆ ಆದ ಹಾನಿ ಪೂರ್ತಿ ವಾಪಸ್ ಸರಿಹೋಗುವುದಿಲ್ಲ. ಗಂಡಸರಲ್ಲಿ ಬೀಡಿ, ಸಿಗರೇಟು ದೊಡ್ಡ ಕಾರಣ. ನಮ್ಮ ಕಡೆ ಹೆಂಗಸರಲ್ಲಿ ಒಲೆಯ ಹೊಗೆ. ಅಡುಗೆ ಒಲೆ, ಬಚ್ಚಲ ಹಂಡೆಯ ಒಲೆ, ಅದು ಸಾಲದು ಅಂತ ಅಡಿಕೆ ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆ. ಸುಗ್ಗಿ ಶುರುವಾದರೆ ಅಮ್ಮ ಬೆಳಗಿನ ಜಾವದಿಂದ ಆ ಒಲೆಯ ಬಾಯಲ್ಲೇ ಇರುತ್ತಿದ್ದಳು. ಹಸಿ ಕಟ್ಟಿಗೆ, ಅಡಿಕೆ ಸಿಪ್ಪೆ, ಸೋಗೆ, ಏನು ಸಿಕ್ಕರೆ ಅದು ಒಲೆಗೆ. ಚೊಗರಿನ ಹಬೆ ಒಂದು ಕಡೆ, ಹೊಗೆ ಇನ್ನೊಂದು ಕಡೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ ಅಸ್ತ್ರ ಒಲೆ ನಮ್ಮ ಮನೆಗೂ ಬಂತು. ಅಡುಗೆಮನೆಯ ಹೊಗೆ ಕೊಳವೆಯಲ್ಲಿ ಮೇಲೆ ಹೋಯಿತು. ಆಮೇಲೆ ಗ್ಯಾಸೂ ಬಂತು. ಹಂಡೆ ಒಲೆ ಮತ್ತು ಅಡಿಕೆ ಒಲೆ ಮಾತ್ರ ಹಾಗೇ ಉಳಿದವು. ಶಿವಮೊಗ್ಗದಲ್ಲಿ ಕೊಳವೆಗೆ ಜೋರಾಗಿ ಊದಿಸಿ ಮಾಡುವ ಸ್ಪೈರೋಮೆಟ್ರಿ ಪರೀಕ್ಷೆ ಮಾಡಿಸಿದಾಗ ಅವಳ ಶ್ವಾಸಕೋಶ ಎಷ್ಟು ಸೋತಿದೆ ಅಂತ ಗೊತ್ತಾಯಿತು.

ಆ ವರ್ಷ ಆಷಾಢದ ಮಳೆಯಲ್ಲಿ ಅವಳಿಗೆ ಜ್ವರ, ಕೆಮ್ಮು ಬಂತು. ಕಫ ಹಳದಿ ಆಯಿತು. ಇದು ನಮಗೆ ಗೊತ್ತಿರುವ ದಾರಿಯೇ. ಡಾಕ್ಟರು ಆ್ಯಂಟಿಬಯೋಟಿಕ್ ಕೊಟ್ಟರು, ಕೆಲವು ದಿನಕ್ಕೆ ಸ್ಟೀರಾಯ್ಡ್ ಮಾತ್ರೆ ಕೊಟ್ಟರು, ನೆಬ್ಯುಲೈಜರ್ ನಡೆಯಿತು. ಜ್ವರ ಬಿಟ್ಟಿತು. ಕಫ ಬೆಳ್ಳಗಾಗಿ ಕಡಿಮೆಯೂ ಆಯಿತು. ಆದರೆ ಅಮ್ಮ ಹಾಸಿಗೆ ಬಿಟ್ಟು ಏಳಲಿಲ್ಲ. ಹೊರಗೆ ಅಂಗಳ ಪಾಚಿಗಟ್ಟಿ ಜಾರುತ್ತಿತ್ತು. ಬಿದ್ದು ಸೊಂಟ ಮುರಿದುಕೊಂಡರೆ ಎಂಬ ಹೆದರಿಕೆ ನಮಗೆಲ್ಲ. ಊಟ ಮಂಚಕ್ಕೇ, ಬಿಸಿನೀರು ಮಂಚಕ್ಕೇ. ಬಚ್ಚಲಿಗೆ ಹೋಗಿ ಬರುವುದು ಬಿಟ್ಟರೆ ನಡಿಗೆ ಇಲ್ಲ.

ಹಾಗಿರುವಾಗ ಒಂದು ಬೆಳಗ್ಗೆ ಬಚ್ಚಲಿಂದ ವಾಪಸ್ ಬರುವಾಗ ಗೋಡೆ ಹಿಡಿದು ನಿಂತುಬಿಟ್ಟಳು. ಮಾತಾಡಲು ಉಸಿರಿಲ್ಲ. ಬಲಗಡೆ ಪಕ್ಕೆಗೆ ಚುಚ್ಚಿದ ಹಾಗೆ ಆಗುತ್ತದೆ ಅಂತ ಕೈಯಲ್ಲೇ ತೋರಿಸಿದಳು. ಬೆರಳಿಗೆ ಆಕ್ಸಿಮೀಟರ್ ಹಾಕಿದರೆ 84. ಅವಳು ಚೆನ್ನಾಗಿರುವ ದಿನ 92ರ ಆಸುಪಾಸು ಇರುತ್ತಾಳೆ. ನಾಡಿ 118.

ಹತ್ತಿರದ ನರ್ಸಿಂಗ್ ಹೋಮ್‌ಗೆ ಕರೆದುಕೊಂಡು ಹೋದೆವು. ಹೆಸರು ಬೇಡ. ಅಲ್ಲಿ ಹಳೇ ಫೈಲ್ ನೋಡಿದರು, ಸಿಒಪಿಡಿ ಅಂತ ಇತ್ತು, ನೆಬ್ಯುಲೈಸೇಷನ್ ಶುರು ಮಾಡಿದರು. ಒಂದಾಯಿತು, ಇನ್ನೊಂದಾಯಿತು, ಔಷಧಿಯ ಡೋಸ್ ಏರಿಸಿದರು. ಉಸಿರು ಮಾತ್ರ ಇದ್ದ ಹಾಗೇ ಇತ್ತು. ನನಗೆ ಸಿಟ್ಟು ಬಂದಿದ್ದು ಅವರು ಮೊದಲು ನೆಬ್ಯುಲೈಸೇಷನ್ ಕೊಟ್ಟಿದ್ದಕ್ಕಲ್ಲ, ಅದು ಸರಿಯೇ. ಅದು ಕೆಲಸ ಮಾಡುತ್ತಿಲ್ಲ ಅಂತ ಕಣ್ಣೆದುರು ಕಾಣುತ್ತಿದ್ದರೂ ಅರ್ಧ ದಿನ ಬೇರೆ ಯೋಚನೆ ಮಾಡದೇ ಇದ್ದಿದ್ದಕ್ಕೆ. "ವಯಸ್ಸಾಯ್ತಲ್ಲ, ದಮ್ಮು ಬೇರೆ" ಅನ್ನುವುದು ಅಲ್ಲಿ ಎಲ್ಲಕ್ಕೂ ಉತ್ತರ.

ಮಧ್ಯಾಹ್ನ ಪಾಳಿಗೆ ಒಬ್ಬರು ಚಿಕ್ಕ ಪ್ರಾಯದ ಡಾಕ್ಟರಮ್ಮ ಬಂದರು. ಅಮ್ಮನ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ತುಂಬ ಹೊತ್ತು ಕೇಳಿದರು. ಸುಯ್ ಸುಯ್ ಸದ್ದು ಇಲ್ಲವೇ ಇಲ್ಲ, ಗೊರಗೊರವೂ ಇಲ್ಲ, ಇಷ್ಟು ಏದುಸಿರು ಯಾಕೆ ಅಂತ ತಮಗೆ ತಾವೇ ಹೇಳಿಕೊಂಡರು. ಆಮೇಲೆ ಅಮ್ಮನ ಸೀರೆಯನ್ನು ಮೊಣಕಾಲವರೆಗೆ ಸರಿಸಿ ಎರಡೂ ಕಾಲು ಪಕ್ಕಪಕ್ಕ ಇಟ್ಟು ನೋಡಿದರು. ಎಡಗಾಲಿನ ಮೀನಖಂಡ ದಪ್ಪ ಇತ್ತು. ಚರ್ಮ ಸ್ವಲ್ಪ ಹೊಳೆಯುತ್ತಿತ್ತು. ಒತ್ತಿದರೆ ಅಮ್ಮ "ಹಾ" ಅಂದಳು. ಡಾಕ್ಟರಮ್ಮ ಒಂದು ಟೇಪ್ ತರಿಸಿದರು. ಮೊಣಕಾಲಿನ ಕೆಳಗಿನ ಗಂಟಿನಿಂದ ಒಂದೇ ಅಂತರದಲ್ಲಿ ಎರಡೂ ಕಾಲಿಗೆ ಪೆನ್ನಲ್ಲಿ ಗುರುತು ಹಾಕಿ ಸುತ್ತಳತೆ ತೆಗೆದರು. ವ್ಯತ್ಯಾಸ 3 ಸೆಂಟಿಮೀಟರಿಗಿಂತ ಜಾಸ್ತಿ ಬಂತು. ಟೇಪ್ ಸುತ್ತಿ ಜೇಬಿಗೆ ಹಾಕಿಕೊಂಡವರೇ, "ಇವರನ್ನು ಈಗಲೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ. ಶ್ವಾಸಕೋಶದ ರಕ್ತನಾಳಕ್ಕೆ ಸಿಟಿ ಆಂಜಿಯೋ ಮಾಡಬೇಕು" ಅಂದರು.

ಅಷ್ಟರಲ್ಲಿ ನಮ್ಮ ಚಿಕ್ಕಮ್ಮ ಬಿಸಿ ಮಾಡಿದ ಕೊಬ್ಬರಿ ಎಣ್ಣೆ ತಂದು ಕಾಲು ನೀವಲು ಕೂತಿದ್ದಳು. ಪ್ರೀತಿಯಿಂದಲೇ. ಡಾಕ್ಟರಮ್ಮ ಅವಳ ಕೈ ಹಿಡಿದು ನಿಲ್ಲಿಸಿದರು. ಒಂದೇ ಕಾಲು ಹೀಗೆ ಊದಿದಾಗ ತಿಕ್ಕಬಾರದು, ಒತ್ತಬಾರದು, ಒಳಗೆ ಹೆಪ್ಪು ಇದ್ದರೆ ಕಿತ್ತುಕೊಂಡು ಮೇಲೆ ಹೋಗಬಹುದು ಅಂತ. ನಮ್ಮ ಕಡೆ ಯಾವ ಊತಕ್ಕೂ ಎಣ್ಣೆ ತಿಕ್ಕುವುದು ರೂಢಿ. ಇದೊಂದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

108 ಆಂಬ್ಯುಲೆನ್ಸ್‌ನಲ್ಲಿ ಹೋದೆವು. ಆಕ್ಸಿಜನ್ ಹಾಕಿದ್ದರು. ಪೂರ್ತಿ ತಿರುಗಿಸಿ ಜೋರಾಗಿ ಬಿಡಿ ಅಂತ ಜೊತೆಗಿದ್ದವರು ಹೇಳುತ್ತಿದ್ದರು. ಸಿಒಪಿಡಿ ಇರುವವರಿಗೆ ಸಾಮಾನ್ಯವಾಗಿ ಆಕ್ಸಿಮೀಟರ್ 88ರಿಂದ 92ರ ಒಳಗೆ ಇರುವ ಹಾಗೆ ಅಳೆದು ಕೊಡುತ್ತಾರೆ. ಜಾಸ್ತಿ ಆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಬರಬಹುದು. ನಾವು ಗುಂಡಿ ತಿರುಗಿಸಲು ಹೋಗಬಾರದು.

ಸ್ಕ್ಯಾನ್‌ಗೆ ಮುಂಚೆ ಮೂತ್ರಪಿಂಡ ಸರಿ ಇದೆಯಾ ಅಂತ ಕ್ರಿಯೇಟಿನಿನ್ ನೋಡಿದರು. ಕೈಯ ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧಿ ಬಿಟ್ಟರು. "ಮೈಯೆಲ್ಲ ಒಮ್ಮೆ ಬಿಸಿ ಆಗಿ ಹೋಯ್ತು" ಅಂದಳು ಅಮ್ಮ. ರಿಪೋರ್ಟ್ ಬಂತು: ಬಲ ಶ್ವಾಸಕೋಶದ ಕೆಳಭಾಗಕ್ಕೆ ಹೋಗುವ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ. ಪಲ್ಮನರಿ ಎಂಬಾಲಿಸಂ. ಕಾಲಿನ ಡಾಪ್ಲರ್ ಸ್ಕ್ಯಾನ್‌ನಲ್ಲಿ ಎಡಗಾಲಿನ ಆಳದ ರಕ್ತನಾಳದಲ್ಲೂ ಹೆಪ್ಪು ಕಂಡಿತು.

ಆಗುವುದು ಇಷ್ಟು. ಕಾಲಿನಿಂದ ಹೃದಯಕ್ಕೆ ರಕ್ತ ವಾಪಸ್ ಏರಬೇಕಾದರೆ ಮೀನಖಂಡದ ಸ್ನಾಯು ಹಿಂಡಬೇಕು. ನಡೆದಾಗ ಅದು ತಾನಾಗಿ ಆಗುತ್ತದೆ. ದಿನಗಟ್ಟಲೆ ಮಲಗಿದರೆ ರಕ್ತ ನಿಧಾನ ಆಗುತ್ತದೆ, ಆಳದ ರಕ್ತನಾಳದಲ್ಲಿ ಹೆಪ್ಪು ಕಟ್ಟುತ್ತದೆ. ಅದರ ಒಂದು ತುಂಡು ಕಿತ್ತುಕೊಂಡರೆ ದೊಡ್ಡ ರಕ್ತನಾಳದಲ್ಲಿ ಮೇಲೆ ಬಂದು, ಹೃದಯದ ಬಲಭಾಗ ದಾಟಿ, ಶ್ವಾಸಕೋಶದ ರಕ್ತನಾಳಕ್ಕೆ ನುಗ್ಗುತ್ತದೆ. ಅಲ್ಲಿಂದ ಮುಂದೆ ನಾಳ ಕಿರಿದಾಗುತ್ತಾ ಹೋಗುವುದರಿಂದ ಎಲ್ಲೋ ಒಂದು ಕಡೆ ಸಿಕ್ಕಿಕೊಳ್ಳುತ್ತದೆ. ತೋಟದ ಬಸಿಗಾಲುವೆಯಲ್ಲಿ ಸೋಗೆ ಸಿಕ್ಕಿಕೊಂಡ ಹಾಗೆ. ಅದರಾಚೆಗೆ ಗಾಳಿ ಬರುತ್ತದೆ, ರಕ್ತ ಬರುವುದಿಲ್ಲ. ಹಿಂದೆ ಒತ್ತಡ ಏರಿ ಹೃದಯದ ಬಲಭಾಗ ಸುಸ್ತಾಗುತ್ತದೆ. ಹೆಪ್ಪು ದೊಡ್ಡದಿದ್ದರೆ ಜೀವವೇ ಹೋಗಬಹುದು.

ರಕ್ತನಾಳದಲ್ಲಿ ಹೆಪ್ಪು ಕಟ್ಟುವುದಕ್ಕೆ ಥ್ರಾಂಬೋಸಿಸ್, ಅದು ತೇಲಿ ಹೋಗಿ ಬೇರೆ ಕಡೆ ಸಿಕ್ಕಿಕೊಳ್ಳುವುದಕ್ಕೆ ಎಂಬಾಲಿಸಂ ಎಂಬ ಹೆಸರುಗಳನ್ನು ಕೊಟ್ಟಿದ್ದು ಜರ್ಮನಿಯ ಡಾಕ್ಟರ್ ರುಡಾಲ್ಫ್ ವಿರ್ಕೋ. 19ನೇ ಶತಮಾನದ ಮಧ್ಯದಲ್ಲಿ ಶವಪರೀಕ್ಷೆ ಮಾಡುತ್ತಾ ಶ್ವಾಸಕೋಶದ ಹೆಪ್ಪು ಬೇರೆ ಕಡೆಯಿಂದ ತೇಲಿ ಬಂದದ್ದು ಅಂತ ಅವರು ತೋರಿಸಿಕೊಟ್ಟರು. ಅವರು ಹುಟ್ಟಿದ ಅಕ್ಟೋಬರ್ 13ರಂದೇ ಈಗ ವಿಶ್ವ ಥ್ರಾಂಬೋಸಿಸ್ ದಿನ ಆಚರಿಸುತ್ತಾರೆ. ರಕ್ತ ನಿಧಾನವಾಗುವುದು, ರಕ್ತವೇ ಬೇಗ ಹೆಪ್ಪುಗಟ್ಟುವ ಗುಣಕ್ಕೆ ತಿರುಗುವುದು, ರಕ್ತನಾಳದ ಒಳಪದರಕ್ಕೆ ಪೆಟ್ಟಾಗುವುದು, ಈ ಮೂರು ಕಾರಣಗಳನ್ನು ಇಂದಿಗೂ ಅವರ ಹೆಸರಲ್ಲೇ ಕಲಿಸುತ್ತಾರೆ. ದಮ್ಮು ಜೋರಾಗಿ ಮಲಗಿದವರಲ್ಲಿ ಮೂರೂ ಒಟ್ಟಿಗೆ ಸೇರಿಬಿಡುತ್ತವೆ ನೋಡಿ. ಮಲಗಿದ್ದರಿಂದ ರಕ್ತ ನಿಧಾನ. ಸೋಂಕು, ಉರಿಯೂತದಿಂದ ರಕ್ತಕ್ಕೆ ಹೆಪ್ಪುಗಟ್ಟುವ ಗುಣ ಜಾಸ್ತಿ. ಆಕ್ಸಿಜನ್ ಬಹಳ ಕಾಲದಿಂದ ಕಡಿಮೆ ಇದ್ದವರಲ್ಲಿ ದೇಹ ಕೆಂಪು ರಕ್ತಕಣ ಜಾಸ್ತಿ ಮಾಡಿ ರಕ್ತವೇ ದಪ್ಪ ಆಗುವುದೂ ಉಂಟು. ಹೊಗೆಯಿಂದ, ಉರಿಯೂತದಿಂದ ರಕ್ತನಾಳದ ಒಳಪದರ ಮೊದಲೇ ಹಾಳು. ಮೇಲೆ ವಯಸ್ಸು.

ಇಷ್ಟೆಲ್ಲ ಇದ್ದರೂ ಯಾಕೆ ಇದು ಕಣ್ಣಿಗೆ ಬೀಳುವುದಿಲ್ಲ? ಎರಡು ಕಾಯಿಲೆಯ ಲಕ್ಷಣವೂ ಒಂದೇ ಆಗಿರುವುದರಿಂದ. ಉಸಿರು ಕಟ್ಟುವುದು, ಎದೆ ನೋವು, ನಾಡಿ ಓಡುವುದು, ಆಕ್ಸಿಜನ್ ಇಳಿಯುವುದು, ಎಲ್ಲವೂ ಅಲ್ಲೂ ಉಂಟು, ಇಲ್ಲೂ ಉಂಟು. ಕಾಲು ಊತಾನೂ ನಂಬುವ ಹಾಗಿಲ್ಲ. ಹಳೇ ಸಿಒಪಿಡಿಯಿಂದ ಹೃದಯದ ಬಲಭಾಗ ಸೋತವರಿಗೆ ಎರಡೂ ಕಾಲು ಊದಿರುತ್ತವೆ, ಮನೆಯವರಿಗೆ ಅದು ಅಭ್ಯಾಸ ಆಗಿಬಿಟ್ಟಿರುತ್ತದೆ. ಎಕ್ಸ್‌ರೇಯಲ್ಲಿ ಹೆಪ್ಪು ಸಾಮಾನ್ಯವಾಗಿ ಕಾಣುವುದಿಲ್ಲ. ಡಿ-ಡೈಮರ್ ಎಂಬ ರಕ್ತಪರೀಕ್ಷೆ ಇದೆ. ಅನುಮಾನ ಕಡಿಮೆ ಇದ್ದವರಲ್ಲಿ ಅದು ನಾರ್ಮಲ್ ಬಂದರೆ ಹೆಪ್ಪು ಇಲ್ಲ ಅಂತ ಹೆಚ್ಚುಕಡಿಮೆ ಹೇಳಬಹುದು. ಏರಿದ್ದರೆ ಮಾತ್ರ ಹೆಪ್ಪೇ ಅಂತ ಹೇಳಲಾಗದು, ಯಾಕೆಂದರೆ ಸೋಂಕಿಗೂ ಏರುತ್ತದೆ, ವಯಸ್ಸಿಗೂ ಏರುತ್ತದೆ. ಅದಕ್ಕೇ ಐವತ್ತು ದಾಟಿದವರಿಗೆ 500 ಎಂಬ ಮಾಮೂಲಿ ಮಿತಿಯ ಬದಲು ವಯಸ್ಸನ್ನು ಹತ್ತರಿಂದ ಗುಣಿಸಿ ಮಿತಿ ಇಟ್ಟುಕೊಳ್ಳುವ ಕ್ರಮ ಬಂದಿದೆ. 75 ವರ್ಷದವರಿಗೆ 750. ಶ್ವಾಸಕೋಶಕ್ಕೆ ಗಾಳಿ, ರಕ್ತ ಎರಡೂ ಎಲ್ಲೆಲ್ಲಿ ತಲುಪುತ್ತದೆ ಅಂತ ನೋಡುವ ಇನ್ನೊಂದು ಸ್ಕ್ಯಾನ್ ಇದೆ. ದಮ್ಮಿನವರಲ್ಲಿ ಗಾಳಿಯೇ ಸರಿಯಾಗಿ ಹೋಗದ ಕಾರಣ ಅದರ ಚಿತ್ರ ಗೊಂದಲ ಆಗುತ್ತದೆ. ಕೊನೆಗೆ ಸಿಟಿಯೇ ಗತಿ.

ಡಾಕ್ಟರಮ್ಮ ಟೇಪ್ ಹಿಡಿದಿದ್ದರ ಹಿಂದೆ ಒಂದು ಲೆಕ್ಕ ಇತ್ತು ಅಂತ ಆಮೇಲೆ ಅವರೇ ವಿವರಿಸಿದರು. ಕೆನಡಾದ ಡಾಕ್ಟರ್ ಫಿಲಿಪ್ ವೆಲ್ಸ್ ಮಾಡಿದ ಅಂಕದ ಪಟ್ಟಿ. ಕಾಲಿನಲ್ಲಿ ಹೆಪ್ಪಿನ ಲಕ್ಷಣ ಇದ್ದರೆ 3. ಬೇರೆ ಕಾಯಿಲೆಗಿಂತ ಇದೇ ಇರಬಹುದು ಅನ್ನಿಸಿದರೆ 3. ನಾಡಿ 100 ದಾಟಿದ್ದರೆ 1.5, ಮೂರು ದಿನವೋ ಜಾಸ್ತಿಯೋ ಹಾಸಿಗೆ ಹಿಡಿದಿದ್ದರೆ ಅಥವಾ ನಾಲ್ಕು ವಾರದೊಳಗೆ ಆಪರೇಷನ್ ಆಗಿದ್ದರೆ 1.5, ಮೊದಲೇ ಹೆಪ್ಪು ಕಟ್ಟಿದ್ದರೆ 1.5. ಕಫದಲ್ಲಿ ರಕ್ತ ಬಂದರೆ 1, ಕ್ಯಾನ್ಸರ್ ಇದ್ದರೆ 1. ಒಟ್ಟು 4 ದಾಟಿದರೆ ಡಿ-ಡೈಮರ್‌ಗೆ ಕಾಯದೆ ನೇರ ಸ್ಕ್ಯಾನ್. ಅಮ್ಮನ ಕಾಲು, ನಾಡಿ, ಹಾಸಿಗೆ ಸೇರಿಸಿದರೇ 6. ಯಾವ ಮಷಿನೂ ಇಲ್ಲದೆ, ಒಂದು ಟೇಪ್ ಮತ್ತು ಎರಡು ಪ್ರಶ್ನೆಯಲ್ಲಿ ಇಷ್ಟು ದೂರ ಹೋಗಬಹುದು ಅನ್ನುವುದು ನನಗೆ ಬಹಳ ದೊಡ್ಡ ವಿಷಯ ಅನ್ನಿಸಿತು. ನಮ್ಮಂಥ ಊರಿಗೆ ಬೇಕಿರುವುದು ಇಂಥದ್ದೇ ಅಲ್ವಾ?

ಹಾಗಾದರೆ ದಮ್ಮು ಜೋರಾದವರಿಗೆಲ್ಲ ಸ್ಕ್ಯಾನ್ ಮಾಡಿಸಬೇಕಾ? ಅಂಗಡಿಯಲ್ಲಿ ಈ ಕಥೆ ಕೇಳಿದವರೆಲ್ಲ ಇದನ್ನೇ ಕೇಳುತ್ತಾರೆ. ಬೇಡ. ಹೀಗೆ ಹೇಳಲು ಕಾರಣ ಇದೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಎಷ್ಟು ಜನರಲ್ಲಿ ಈ ಹೆಪ್ಪು ಇರುತ್ತದೆ ಅನ್ನುವುದಕ್ಕೆ ಲೆಕ್ಕ ಒಂದೇ ತೆರನಾಗಿಲ್ಲ. ಫ್ರಾನ್ಸಿನ ಲಿಲ್ ಊರಿನಲ್ಲಿ ಕಾರಣ ಗೊತ್ತಾಗದೆ ದಮ್ಮು ಜೋರಾಗಿ ಬಂದವರನ್ನು ಮಾತ್ರ ಆರಿಸಿ ನೋಡಿದಾಗ 197 ಜನರಲ್ಲಿ 49 ಜನಕ್ಕೆ, ಅಂದರೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇತ್ತು. ಇದು 2006ರಲ್ಲಿ ಪ್ರಕಟವಾಯಿತು. ಮರುವರ್ಷ ಜಿನೀವಾದವರು 123 ಜನರನ್ನು ನೋಡಿ ನೂರಕ್ಕೆ ಮೂರೇ ಚಿಲ್ಲರೆ ಅಂದರು. ಯಾರನ್ನು ಆರಿಸಿ ನೋಡುತ್ತೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಇದಕ್ಕಿಂತ ದೊಡ್ಡದು ಫ್ರಾನ್ಸಿನ 7 ಆಸ್ಪತ್ರೆಗಳಲ್ಲಿ 2014ರಿಂದ 2017ರವರೆಗೆ ನಡೆದ ಅಧ್ಯಯನ. ಉಸಿರಾಟ ಬಿಗಡಾಯಿಸಿ ಅಡ್ಮಿಟ್ ಆದ 740 ಸಿಒಪಿಡಿ ರೋಗಿಗಳನ್ನು ಒಂದೇ ಕ್ರಮದಲ್ಲಿ ಪರೀಕ್ಷೆ ಮಾಡಿದರು. 44 ಜನರ ಶ್ವಾಸಕೋಶದಲ್ಲಿ ಹೆಪ್ಪು ಸಿಕ್ಕಿತು, ಶೇಕಡಾ 5.9. ಕಾಲಿನ ಹೆಪ್ಪನ್ನೂ ಸೇರಿಸಿದರೆ, ಡಾಕ್ಟರಿಗೆ ಮೊದಲೇ ಅನುಮಾನ ಬಂದಿದ್ದವರಲ್ಲಿ ಶೇಕಡಾ 11.7. ಅನುಮಾನವೇ ಬರದಿದ್ದವರಲ್ಲೂ ಶೇಕಡಾ 4.3. ಅಂದರೆ ಅನುಭವಿ ಡಾಕ್ಟರ ಅನುಮಾನಕ್ಕೆ ಬೆಲೆ ಇದೆ, ಆದರೂ ಕೆಲವರು ತಪ್ಪಿಸಿಕೊಳ್ಳುತ್ತಾರೆ. ಮೂರು ತಿಂಗಳಲ್ಲಿ ತೀರಿಕೊಂಡವರ ಲೆಕ್ಕ ಓದಿದಾಗ ನನಗೆ ಎದೆ ಧಸಕ್ ಅಂತು. ಕಾಲಲ್ಲೋ ಶ್ವಾಸಕೋಶದಲ್ಲೋ ಹೆಪ್ಪು ಇದ್ದವರಲ್ಲಿ ಶೇಕಡಾ 25.9, ಇಲ್ಲದವರಲ್ಲಿ ಶೇಕಡಾ 5.2. ಹೆಪ್ಪು ಇದ್ದವರು ಬೇರೆ ರೀತಿಯಲ್ಲೂ ಹೆಚ್ಚು ಬಳಲಿದವರಿರಬಹುದು, ಎಲ್ಲ ಸಾವೂ ಹೆಪ್ಪಿನಿಂದಲೇ ಅನ್ನಲಾಗದು. ಆದರೂ ಸಣ್ಣ ವ್ಯತ್ಯಾಸ ಅಲ್ಲ.

ಈ ಅಧ್ಯಯನ ಪ್ರಕಟವಾದ 2021ರಲ್ಲೇ ಸ್ಪೇನ್‌ನಿಂದ ಇನ್ನೊಂದು ಫಲಿತಾಂಶ ಬಂತು. 18 ಆಸ್ಪತ್ರೆಗಳಲ್ಲಿ ಅರ್ಧ ಜನರಿಗೆ ಮಾಮೂಲಿ ಚಿಕಿತ್ಸೆ, ಉಳಿದ ಅರ್ಧಕ್ಕೆ ಅನುಮಾನ ಇರಲಿ ಬಿಡಲಿ ಡಿ-ಡೈಮರ್ ಮಾಡಿ, ಏರಿದ್ದರೆ ಸಿಟಿ. 90 ದಿನದ ಮೇಲೆ ನೋಡಿದರೆ ಸಾವು, ಮತ್ತೆ ಅಡ್ಮಿಟ್ ಆಗುವುದು, ಹೊಸ ಹೆಪ್ಪು, ಈ ಮೂರನ್ನೂ ಸೇರಿಸಿ ಒಂದು ಕಡೆ ಶೇಕಡಾ 29.7, ಇನ್ನೊಂದು ಕಡೆ 29.2. ಎರಡೂ ಒಂದೇ. ಎಲ್ಲರನ್ನೂ ಮಷಿನ್ ಒಳಗೆ ಹಾಕಿದ್ದರಿಂದ ಲಾಭ ಆಗಲಿಲ್ಲ. ಸಿಟಿಗೆ ದುಡ್ಡು ಬೇಕು, ಕಾಂಟ್ರಾಸ್ಟ್‌ನಿಂದ ಕೆಲವರ ಮೂತ್ರಪಿಂಡಕ್ಕೆ ತೊಂದರೆ ಆಗಬಹುದು. ಎಣಿಕೆಗೇ ಬಾರದಷ್ಟು ಸಣ್ಣ ಹೆಪ್ಪು ಕಂಡು ಸುಮ್ನೆ ರಕ್ತ ತೆಳು ಮಾಡುವ ಮಾತ್ರೆ ಶುರು ಮಾಡಿದರೆ ರಕ್ತಸ್ರಾವದ ಅಪಾಯ ಬೇರೆ.

ಹಾಗಾಗಿ ನನ್ನ ಮಾತು ಇಷ್ಟೇ: ಸ್ಕ್ಯಾನ್ ಕೇಳಬೇಡಿ, ಪ್ರಶ್ನೆ ಕೇಳಿ. ಮನೆಯವರಿಗೆ ಒಂದು ಅನುಕೂಲ ಇದೆ, ಡಾಕ್ಟರಿಗಿಲ್ಲದ್ದು. ನಿಮ್ಮ ಅಪ್ಪನ, ಅಮ್ಮನ ದಮ್ಮು ಹೇಗೆ ಬರುತ್ತದೆ ಅಂತ ನಿಮಗೆ ಗೊತ್ತು. ಮೊದಲು ಕೆಮ್ಮು, ಆಮೇಲೆ ಕಫ, ಆಮೇಲೆ ಸುಯ್ಗುಟ್ಟುವುದು, ಪಂಪ್ ಎಳೆದರೆ ಒಂದಿಷ್ಟು ಆರಾಮ. ಈ ಸಲ ಹಾಗಿಲ್ಲ ಅಂದರೆ, ಕಫ ಇಲ್ಲದೆ ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿದರೆ, ನೆಬ್ಯುಲೈಜರ್ ಕೊಟ್ಟರೂ ಇಳಿಯದಿದ್ದರೆ, ಉಸಿರೆಳೆದಾಗ ಪಕ್ಕೆ ಚುಚ್ಚಿದರೆ, ತಲೆ ತಿರುಗಿ ಬಿದ್ದರೆ, ಕಫದಲ್ಲಿ ರಕ್ತ ಕಂಡರೆ, ಒಂದು ಕಾಲು ಇನ್ನೊಂದಕ್ಕಿಂತ ದಪ್ಪ ಆಗಿದ್ದರೆ, ಆ ಮಾತನ್ನು ಬಾಯಿಬಿಟ್ಟು ಹೇಳಿ. "ಇವರಿಗೆ ಯಾವಾಗಲೂ ಬರುವ ದಮ್ಮು ಇದಲ್ಲ. ರಕ್ತ ಹೆಪ್ಪುಗಟ್ಟಿರಬಹುದಾ, ಒಮ್ಮೆ ನೋಡಿ ಡಾಕ್ಟ್ರೇ." ಯಾವ ಒಳ್ಳೆ ಡಾಕ್ಟರೂ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಹಾಗೇ, ಆರಾಮ ಇರುವಾಗ ಆಕ್ಸಿಮೀಟರ್ ಎಷ್ಟು ತೋರಿಸುತ್ತದೆ ಅಂತ ಒಂದು ಕಡೆ ಬರೆದಿಡಿ. ಕೆಲವರ ಆರಾಮೇ 90 ಇರುತ್ತದೆ. ಹೋಲಿಸಲು ಆ ನಂಬರ್ ಬೇಕು. ಕೈ ತಣ್ಣಗಿದ್ದರೆ ಮಷಿನ್ ತಪ್ಪು ತೋರಿಸುತ್ತದೆ, ಉಜ್ಜಿ ಬೆಚ್ಚಗೆ ಮಾಡಿ ನೋಡಿ.

ಇನ್ನೊಂದು ಪ್ರಶ್ನೆ ಅಡ್ಮಿಟ್ ಆದ ದಿನವೇ ಕೇಳಬೇಕಾದದ್ದು. "ಇವರು ಮಲಗೇ ಇರುತ್ತಾರಲ್ಲ, ಹೆಪ್ಪು ಕಟ್ಟದ ಹಾಗೆ ಇಂಜೆಕ್ಷನ್ ಬೇಕಾಗುತ್ತಾ?" ಎನಾಕ್ಸಪಾರಿನ್ 40 ಮಿಲಿಗ್ರಾಂ, ದಿನಕ್ಕೊಂದು, ಹೊಟ್ಟೆಯ ಚರ್ಮದ ಕೆಳಗೆ. ಇದು ಹೊಸದೇನೂ ಅಲ್ಲ. ತೀವ್ರ ಕಾಯಿಲೆಯಿಂದ ಅಡ್ಮಿಟ್ ಆದವರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1999ರಲ್ಲೇ ಬಂದಿದೆ. ಇಂಜೆಕ್ಷನ್ ಇಲ್ಲದವರಲ್ಲಿ ಶೇಕಡಾ 14.9 ಜನಕ್ಕೆ ಹೆಪ್ಪು ಕಂಡರೆ, 40 ಮಿಲಿಗ್ರಾಂ ಪಡೆದವರಲ್ಲಿ ಶೇಕಡಾ 5.5. ಹುಡುಕಿ ನೋಡಿದ್ದಕ್ಕೆ ಕಂಡ ಹೆಪ್ಪುಗಳೇ ಅದರಲ್ಲಿ ಜಾಸ್ತಿ, ಎಲ್ಲವೂ ತೊಂದರೆ ಕೊಡುವಂಥವಲ್ಲ, ನಿಜ. ಆದರೂ ಬೇಕಾದವರಿಗೆ ಇದು ಸಿಗುತ್ತಿಲ್ಲ. 2008ರಲ್ಲಿ 32 ದೇಶಗಳ ಆಸ್ಪತ್ರೆಗಳನ್ನು ನೋಡಿದ ವರದಿಯಲ್ಲಿ, ಆಪರೇಷನ್ ಇಲ್ಲದೆ ಬರೀ ಕಾಯಿಲೆಗೆ ಅಡ್ಮಿಟ್ ಆದ, ಹೆಪ್ಪಿನ ಅಪಾಯ ಇದ್ದವರಲ್ಲಿ ಸರಿಯಾದ ಮುನ್ನೆಚ್ಚರಿಕೆ ಸಿಕ್ಕಿದ್ದು ಶೇಕಡಾ 39.5 ಜನಕ್ಕೆ ಮಾತ್ರ. ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಇದು ಆಗಿಬರದೇ ಇರಬಹುದು, ಅದನ್ನು ಡಾಕ್ಟರೇ ತೂಗಿ ನೋಡಬೇಕು. ನಾವು ಕೇಳುವುದರಲ್ಲಿ ತಪ್ಪಿಲ್ಲ. ಮನೆಯಲ್ಲೇ ಮಲಗಿದವರಾದರೆ ಎಬ್ಬಿಸಿ ಜಗಲಿಯಲ್ಲಿ ಎರಡು ಸುತ್ತು ನಡೆಸಿ. ಏಳಲು ಆಗದಿದ್ದರೆ ಮಲಗಿದಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಲಿ.

ಅಮ್ಮನಿಗೆ ಮೊದಲು ಎನಾಕ್ಸಪಾರಿನ್ನನ್ನೇ ತೂಕದ ಲೆಕ್ಕದಲ್ಲಿ ದಿನಕ್ಕೆ ಎರಡು ಸಲ ಕೊಟ್ಟರು. ಹೊಕ್ಕುಳ ಸುತ್ತ ನೀಲಿ ಕಲೆ ಎದ್ದಿದ್ದವು. ಆಮೇಲೆ ರಿವರಾಕ್ಸಬಾನ್ ಮಾತ್ರೆ. ಒಟ್ಟು ಮೊದಲ 21 ದಿನ 15 ಮಿಲಿಗ್ರಾಂ ಎರಡು ಸಲ, ಅದಾದ ಮೇಲೆ 20 ಮಿಲಿಗ್ರಾಂ ಒಂದು. ಈ ಮಾತ್ರೆ ಇದ್ದ ಹೆಪ್ಪನ್ನು ಕರಗಿಸುವುದಿಲ್ಲ, ಬೆಳೆಯದ ಹಾಗೆ ತಡೆಯುತ್ತದೆ. ಕರಗಿಸಿಕೊಳ್ಳುವುದು ದೇಹವೇ. ಅದಕ್ಕೇ ಕಡಿಮೆ ಅಂದರೂ ಮೂರು ತಿಂಗಳು ಬೇಕು. ಇಲ್ಲೊಂದು ಸಮಸ್ಯೆ ಎದ್ದಿತು. 15, 20ರ ಈ ಮಾತ್ರೆಯನ್ನು ಊಟದ ಜೊತೆಯೇ ತೆಗೆದುಕೊಳ್ಳಬೇಕು, ಖಾಲಿ ಹೊಟ್ಟೆಯಲ್ಲಿ ಸರಿಯಾಗಿ ಮೈಗೆ ಹತ್ತುವುದಿಲ್ಲ. ಅಮ್ಮನಿಗೆ ಏಕಾದಶಿ.

"ಎಂತ ಅಪ್ಪಿ, ಏಕಾದಶಿ ದಿನಾನೂ ಉಣ್ಬೇಕಾ?"

"ಅನ್ನ ಬೇಡ ಅಮ್ಮ. ಅವಲಕ್ಕಿ ಮೊಸರು ತಿನ್ನು, ಅದರ ಜೊತೆ ಮಾತ್ರೆ ನುಂಗು."

"ಫಲಾಹಾರ ಅಂದ್ರೆ ಅಡ್ಡಿಲ್ಲ ಬಿಡು" ಅಂದಳು. ಅಲ್ಲಿಗೆ ಮುಗಿಯಿತು. ಹೊಟ್ಟೆ ತುಂಬುವಷ್ಟು ತಿನ್ನುತ್ತಾಳಾ ಅಂತ ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ.

ಇದೇ ಕೆಲಸ ಮಾಡುವ ಹಳೇ ಔಷಧಿ ವಾರ್ಫರಿನ್, ಅದರ ಜಾತಿಯದೇ ಆದ ಅಸಿನೊಕೌಮರಾಲ್ ಈಗಲೂ ಬಹಳ ಜನ ತೆಗೆದುಕೊಳ್ಳುತ್ತಾರೆ. ವಾರ್ಫರಿನ್ ಹುಟ್ಟಿದ್ದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಕೆಟ್ಟ ಹುಲ್ಲು ತಿಂದ ದನಗಳು ರಕ್ತ ಸೋರಿ ಸಾಯುವುದು ಯಾಕೆ ಅಂತ ಹುಡುಕುತ್ತಾ ಹೋಗಿ ಸಿಕ್ಕ ದಾರಿ ಅದು. ಮೊದಲು ಇಲಿ ಪಾಷಾಣವಾಗಿ ಮಾರಾಟಕ್ಕೆ ಬಂತು, 1954ರಲ್ಲಿ ಮನುಷ್ಯರಿಗೆ ಒಪ್ಪಿಗೆ ಸಿಕ್ಕಿತು. ಅದನ್ನು ತೆಗೆದುಕೊಳ್ಳುವವರು ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತೋರಿಸುವ ಐಎನ್‌ಆರ್ ರಕ್ತಪರೀಕ್ಷೆ ಮಾಡಿಸುತ್ತಾ ಅದು 2ರಿಂದ 3ರ ಒಳಗೆ ಇರುವಂತೆ ನೋಡಿಕೊಳ್ಳಬೇಕು. ಸೊಪ್ಪು ಬಿಡಬೇಕು ಅಂತಿಲ್ಲ, ಆದರೆ ಒಂದು ವಾರ ಬಸಳೆಯೇ ಬಸಳೆ, ಮುಂದಿನ ವಾರ ಏನೂ ಇಲ್ಲ ಅಂತ ಮಾಡಬಾರದು. ಸೊಪ್ಪಿನ ವಿಟಮಿನ್ ಕೆ ಏರುಪೇರಾದರೆ ಐಎನ್‌ಆರ್ ಕೂಡ ಏರುಪೇರು.

ಅಂಗಡಿಯವನಾಗಿ ನನಗೆ ನಿಜಕ್ಕೂ ಭಯ ಇರುವುದು ಬೇರೆ ಕಡೆ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವ ಅಜ್ಜಿಗೆ ಮೊಣಕಾಲು ನೋವು. ಮೊಮ್ಮಗ ಬಂದು "ಒಂದು ನೋವಿನ ಮಾತ್ರೆ ಕೊಡಿ" ಅನ್ನುತ್ತಾನೆ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಇದರ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗುವ ಅಪಾಯ ಜಾಸ್ತಿ. ಮಲ ಟಾರಿನ ಹಾಗೆ ಕಪ್ಪಾದರೆ ತಡಮಾಡಬಾರದು. ದಮ್ಮಿಗೆ ಅಂತ ಸ್ಟೀರಾಯ್ಡ್ ಮಾತ್ರೆಯೂ ನಡೆಯುತ್ತಿದ್ದರೆ ಇನ್ನೂ ಹುಷಾರು. ಎದೆ ಸೋಂಕಿಗೆ ಬರೆಯುವ ಕ್ಲಾರಿಥ್ರೋಮೈಸಿನ್ ವಾರ್ಫರಿನ್ನಿನ ಪ್ರಭಾವ ಏರಿಸುತ್ತದೆ. ಟಿಬಿಗೆ ಕೊಡುವ ರಿಫಾಂಪಿಸಿನ್ ತದ್ವಿರುದ್ಧ, ವಾರ್ಫರಿನ್, ರಿವರಾಕ್ಸಬಾನ್ ಎರಡರ ಬಲವನ್ನೂ ಇಳಿಸಿಬಿಡುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜಪಿನ್ ಕೂಡ ರಿವರಾಕ್ಸಬಾನ್‌ಗೆ ಹಾಗೇ ಮಾಡುತ್ತವೆ. ಇದೆಲ್ಲ ಬೇರೆ ಬೇರೆ ಡಾಕ್ಟರು ಬೇರೆ ಬೇರೆ ಚೀಟಿಯಲ್ಲಿ ಬರೆದಿರುತ್ತಾರೆ, ಬೇರೆ ಬೇರೆ ಅಂಗಡಿಯಲ್ಲಿ ಕೊಂಡಿರುತ್ತೀರಿ. ಎಲ್ಲವೂ ಸೇರುವುದು ಒಂದೇ ಹೊಟ್ಟೆಯಲ್ಲಿ.

ಅಮ್ಮನಿಗೆ ಮೂರು ತಿಂಗಳ ಮೇಲೆ ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿದರು. ಕೆಲವರಲ್ಲಿ ಹೆಪ್ಪು ಪೂರ್ತಿ ಕರಗದೆ ರಕ್ತನಾಳದಲ್ಲೇ ಗಾಯದ ಕಲೆಯಂತೆ ಉಳಿದು, ಶ್ವಾಸಕೋಶದ ರಕ್ತದೊತ್ತಡ ಏರಿಬಿಡುತ್ತದೆ. ದಮ್ಮು ಇದ್ದವರಲ್ಲಿ ಅದೂ ಸುಲಭವಾಗಿ ಗೊತ್ತಾಗುವುದಿಲ್ಲ. ಆದ್ದರಿಂದ ಮೂರು ತಿಂಗಳಾದರೂ ಮೊದಲಿಗಿಂತ ಜಾಸ್ತಿ ಏದುಸಿರು ಇದ್ದರೆ ಎಕೋ ಮಾಡಿಸಿ ಅಂತ ಹೇಳುತ್ತಾರೆ. ಅವಳದ್ದು ಸರಿ ಇತ್ತು. ಈಗ ಫ್ಲೂ ಲಸಿಕೆ, ನ್ಯುಮೋನಿಯಾ ಲಸಿಕೆ ಎರಡೂ ಆಗಿದೆ. ಫ್ಲೂ ಲಸಿಕೆ ವರ್ಷವರ್ಷ ಹಾಕಿಸಬೇಕು, ನಮ್ಮ ಕಡೆ ಮಳೆ ಹಿಡಿಯುವ ಮೊದಲು ಹಾಕಿಸಿದರೆ ಒಳ್ಳೆಯದು. ಅಡಿಕೆ ಒಲೆಯ ಹತ್ತಿರ ಅವಳನ್ನು ಬಿಡುವುದಿಲ್ಲ. ಬಚ್ಚಲಿಗೆ ಸೋಲಾರ್ ಹಾಕಿಸಿದ್ದೇವೆ. ಮಳೆಗಾಲದಲ್ಲಿ ಅದು ಸಾಲದು, ಕರೆಂಟ್ ಹೀಟರ್ ಇದೆ.

ನಿಮ್ಮ ಮನೆಯಲ್ಲಿ ಯಾರಾದರೂ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಔಷಧಿ ಅಂಗಡಿಗೆ ಹೋಗುವಾಗ ಖಾಲಿ ಸ್ಟ್ರಿಪ್ ಒಂದನ್ನೇ ಹಿಡಿದು ಹೋಗಬೇಡಿ. ಮಾತ್ರೆ ಚೀಲ ಪೂರ್ತಿ ತೆಗೆದುಕೊಂಡು ಹೋಗಿ, ಪಂಪ್, ನಾಟಿ ಔಷಧಿ ಎಲ್ಲ ಸೇರಿಸಿ. ಹಲ್ಲು ಕೀಳಿಸಲು ಹೋದರೂ ಮೊದಲು ಆ ಮಾತ್ರೆಯ ಹೆಸರು ಹೇಳಿ. ನಿಲ್ಲಿಸಬೇಕಾ, ಎಷ್ಟು ದಿನ ಅಂತ ನೀವೇ ತೀರ್ಮಾನ ಮಾಡಬೇಡಿ, ಬರೆದುಕೊಟ್ಟ ಡಾಕ್ಟರನ್ನು ಕೇಳಿ.